ಪೆರ್ಕೊ ಹುಡುಗಿಯ ಅರ್ಧ ಕ್ರೆಡಿಟ್

ವರ್ನಾ ಮಾಕಿಗೆ ಮಕ್ಕಳು ಬೆನ್ನ ಹಿಂದೆ ಇಟ್ಟಿದ್ದ ಹೆಸರು ‘ತಕ್ಕಡಿ’. ಟಾಮರಾಕ್ ಹೈಸ್ಕೂಲಿನ ಆಫೀಸಿನಲ್ಲಿ ಮೂವತ್ತೊಂದು ವರ್ಷದಿಂದ ಅಂಕಪಟ್ಟಿ ಕಾಯುತ್ತಿದ್ದವಳು ಅವಳು. ಯಾವ ಹುಡುಗ ಯಾವ ಪಾಠ ಮುಗಿಸಿ ಎಷ್ಟು ಕ್ರೆಡಿಟ್ ಗಳಿಸಿದ, ಹೈಸ್ಕೂಲು ಮುಗಿಸಿದ್ದಕ್ಕೆ ಡಿಪ್ಲೊಮಾ ಕೊಡುವ ದಿನ ಯಾರು ಗೌನು ತೊಟ್ಟು ವೇದಿಕೆ ಹತ್ತಬಹುದು, ಯಾರು ಹತ್ತಬಾರದು, ಎಲ್ಲವೂ ಕೊನೆಗೆ ಅವಳ ಕೆಂಪು ಪೆನ್ಸಿಲ್ಲಿನಡಿ ಹಾದೇ ಹೋಗಬೇಕು. ಅಷ್ಟು ವರ್ಷಗಳಲ್ಲಿ ಆರು ಜನ ಪ್ರಿನ್ಸಿಪಾಲರು ಬಂದರು, ಹೋದರು. ಪೆನ್ಸಿಲ್ ಮಾತ್ರ ಅವಳ ಕೈ ಬಿಡಲಿಲ್ಲ.

ಅವಳೂ ಇದೇ ಸ್ಕೂಲಿನಲ್ಲಿ ಓದಿದವಳೇ. ಕೊನೆಯ ವರ್ಷದಲ್ಲಿ, ಹದಿನೇಳಕ್ಕೇ, ಬಸುರಿಯಾದಳು. ಹೊಟ್ಟೆ ಹೊತ್ತ ಹುಡುಗಿ ವೇದಿಕೆ ಹತ್ತಿದರೆ ಸ್ಕೂಲಿನ ಮಾನ ಹೋಗುತ್ತದೆಂದು ಆಗಿನ ದೊಡ್ಡವರು ಅವಳನ್ನು ಮನೆಯಲ್ಲೇ ಕೂರಿಸಿದರು. ಡಿಪ್ಲೊಮಾ ಅಂಚೆಯಲ್ಲಿ ಬಂತು. ಮಗು ಉಳಿಯಲಿಲ್ಲ. ಕೈಹಿಡಿದ ಆರ್ವೊ ಕಬ್ಬಿಣದ ಗಣಿಯಲ್ಲಿ ಹನ್ನೊಂದು ವರ್ಷ ದುಡಿದು ಅಲ್ಲೇ ಸತ್ತ. ಇಷ್ಟೆಲ್ಲ ಉಂಡ ಹೆಂಗಸು ಮೆತ್ತಗಾಗಬೇಕಿತ್ತು ಎಂದು ನೀವು ಅನ್ನಬಹುದು. ತನಗಾದದ್ದು ಇನ್ನೊಬ್ಬರಿಗೆ ಆಗದಿರಲಿ ಎನ್ನುವವರು ಕೆಲವರು. ನಾನು ನುಂಗಿಕೊಂಡೆ, ನೀವೂ ನುಂಗಿ ಎನ್ನುವವರು ಕೆಲವರು. ವರ್ನಾ ಈ ಎರಡನೆಯವರ ಪೈಕಿ, ಸುಮ್ಮನೆ ಮುಚ್ಚಿಟ್ಟು ಏನು ಪ್ರಯೋಜನ?

ತೊಂಬತ್ತೇಳರ ಜೂನ್ ಮೊದಲ ವಾರ. ಕೊನೆಯ ವರ್ಷದ ಮಕ್ಕಳು ತುಂಟಾಟಕ್ಕೆ ಯಾರದೋ ದೋಣಿಯನ್ನು ಸ್ಕೂಲಿನ ಮಾಡಿನ ಮೇಲೆ ಏರಿಸಿಟ್ಟಿದ್ದರು. ಕಾರಿಡಾರಿನಲ್ಲಿ ಲಾಕರುಗಳೆಲ್ಲ ಬಾಯಿ ತೆರೆದು ನಿಂತಿದ್ದವು. ಹುಡುಗಿಯರು ಒಬ್ಬರ ಬೆನ್ನಿನ ಮೇಲೆ ಒಬ್ಬರು ಇಯರ್‌ಬುಕ್ ಎಂಬ ನೆನಪಿನ ಪುಸ್ತಕ ಇಟ್ಟುಕೊಂಡು ಸಹಿ ಹಾಕುತ್ತಿದ್ದರು. ಜಿಮ್ಮಿನಲ್ಲಿ ಮಡಚುವ ಕುರ್ಚಿಗಳ ಸದ್ದು. ಈ ಗದ್ದಲದ ನಡುವೆ, ಗುರುವಾರ ಮಧ್ಯಾಹ್ನ, ವರ್ನಾ ಕೊನೆಯ ಸಲ ಪಟ್ಟಿ ನೋಡುತ್ತಿದ್ದಳು. ಜನೆಲ್ ಪೆರ್ಕೊಳ ಹಾಳೆಯಲ್ಲಿ ಪೆನ್ಸಿಲ್ ನಿಂತಿತು.

‘ಹೆಲ್ತ್, ಅರ್ಧ ಕ್ರೆಡಿಟ್’ ಎಂದು ಒಂಬತ್ತನೆಯ ತರಗತಿಯಲ್ಲಿ ಒಂದು ಸಲ ಇತ್ತು, ಹನ್ನೊಂದರಲ್ಲಿ ಇನ್ನೊಂದು ಸಲ. ಒಂದೇ ಪಾಠಕ್ಕೆ ಎರಡು ಸಲ ಕ್ರೆಡಿಟ್ ಕೊಡುವ ಹಾಗಿಲ್ಲ. ಚಳಿಗಾಲದಲ್ಲಿ ತಾನೇ ನೋಡಿ “ಎಲ್ಲ ಸರಿಯಿದೆ ಹೋಗಮ್ಮ” ಎಂದು ಆ ಹುಡುಗಿಗೆ ಹೇಳಿ ಕಳಿಸಿದ್ದು ನೆನಪಾಯಿತು. ತಪ್ಪು ಕಂಡದ್ದಕ್ಕಿಂತ ಅದು ತನ್ನ ತಪ್ಪು ಎಂಬುದೇ ಅವಳನ್ನು ಚುಚ್ಚಿತು. ಒಂದು ಸಾಲನ್ನು ಕೆಂಪಾಗಿ ಹೊಡೆದು ಹಾಕಿದಳು. ಅಲ್ಲಿಗೆ ಹುಡುಗಿಗೆ ಅರ್ಧ ಕ್ರೆಡಿಟ್ ಕಡಿಮೆ ಬಿತ್ತು.

ಪ್ರಿನ್ಸಿಪಾಲ್ ಲಿಂಡಾಲ್ ಒಳ್ಳೆಯ ಮನುಷ್ಯ, ಜಗಳವೆಂದರೆ ಮಾತ್ರ ಆಗದು.

“ವರ್ನಾ, ಕಾರ್ಯಕ್ರಮದ ಪುಸ್ತಿಕೆ ಅಚ್ಚಾಗಿ ಬಂದಾಯ್ತಲ್ಲ. ಹುಡುಗಿ ಹತ್ತಲಿ ಬಿಡಿ. ಬೇಸಿಗೇಲಿ ಅರ್ಧ ಕ್ರೆಡಿಟ್ ಮುಗಿಸ್ಕೊಂಡ್ರಾಯ್ತು.”

“ಎರಡು ವರ್ಷದ ಹಿಂದೆ ಕ್ಯಾಂಟೀನ್ ಬರ್ನೀಸ್ ಮಗನ್ನ ಹತ್ತಿಸಿದ್ರಾ? ಕಾಲು ಕ್ರೆಡಿಟ್ಟಿಗೆ ನಿಲ್ಲಿಸಿದ್ವಿ. ಇವತ್ತಿಗೂ ಆಕೆ ನನ್ನ ತಟ್ಟೆಗೆ ಸೂಪು ಬಡಿಸೋವಾಗ ಮುಖ ನೋಡಲ್ಲ. ಇವಳನ್ನ ಬಿಟ್ರೆ ಆಕೆಗೆ ಏನಂತ ಹೇಳ್ತೀರಿ?”

ಲಿಂಡಾಲ್ ಕನ್ನಡಕ ಒರೆಸಿಕೊಂಡು ಹಾಳೆಯನ್ನು ಅವಳ ಕೈಗೇ ವಾಪಸು ಕೊಟ್ಟ.

ಜನೆಲ್‌ಳನ್ನು ಕರೆಸಿದ್ದು ಶುಕ್ರವಾರ ಮೂರು ಗಂಟೆಗೆ. ಏಳಕ್ಕೆ ಸಮಾರಂಭ. ತಾಯಿಯಿಲ್ಲದ, ತಾತನ ಹತ್ತಿರ ಬೆಳೆದ ಸಣಕಲು ಹುಡುಗಿ. ಇಸ್ತ್ರಿ ಮಾಡಿದ ನೀಲಿ ಗೌನನ್ನು ತೋಳಿನ ಮೇಲೆ ಮಡಿಸಿಕೊಂಡೇ ಬಂದಿದ್ದಳು. ವಿಷಯ ಕೇಳಿ ಮೊದಲು ನಕ್ಕಳು.

“ಇಲ್ಲ ಮಿಸೆಸ್ ಮಾಕಿ, ಎರಡನೇದು ಬೇರೆ. ಅದು ಪ್ರಥಮ ಚಿಕಿತ್ಸೆ. ತಾತನ ಶ್ವಾಸಕೋಶ ಕೆಟ್ಟಾಗ ಹೌಟಾಲಾ ಸರ್ ನನಗೊಬ್ಳಿಗೇ ಕಲಿಸಿದ್ರು, ಆಂಬುಲೆನ್ಸ್ ಶೆಡ್ಡಲ್ಲಿ. ಆರು ತಿಂಗಳು ಹೋಗಿದ್ದೀನಿ.”

“ಇಲ್ಲಿ ಹೆಲ್ತ್ ಅಂತಿದೆ.”

“ಫಾರಮ್ಮಲ್ಲಿ ಅದಕ್ಕೆ ಬೇರೆ ಜಾಗ ಇರ್ಲಿಲ್ಲ, ಅದಕ್ಕೆ ಹಾಗೆ ಬರೆದ್ರು. ಅವ್ರನ್ನೇ ಕೇಳಿ ಬೇಕಾದ್ರೆ!”

ಹೆಲ್ತ್ ಪಾಠದ ಮೇಷ್ಟ್ರು ಹೌಟಾಲಾ ಹೋದ ವರ್ಷವೇ ನಿವೃತ್ತನಾಗಿ, ಈಗ ಗಡಿಯಾಚೆ ಯಾವುದೋ ಸರೋವರದಲ್ಲಿ ಮೀನು ಹಿಡಿಯುತ್ತ ಕುಳಿತಿದ್ದ. ಅಲ್ಲಿ ಫೋನಿಲ್ಲ. ಬರುವುದು ಭಾನುವಾರ.

“ನೋಡಮ್ಮ,” ಎಂದಳು ವರ್ನಾ, “ಪ್ರತಿ ವರ್ಷ ಈ ದಿನ ಯಾರಾದ್ರೂ ಒಬ್ರು ಈ ಕುರ್ಚೀಲಿ ಕೂತು ಇಂಥದ್ದೊಂದು ಕಥೆ ಹೇಳ್ತಾರೆ. ನಾನು ಕಾಗದ ನೋಡ್ತೀನಿ, ಅಷ್ಟೇ.”

“ತಾತ ಬರ್ತಾರೆ. ಅವ್ರಿಗೋಸ್ಕರನಾದ್ರೂ ಹೆಸರೊಂದು ಓದ್ಬಿಡಿ. ಡಿಪ್ಲೊಮಾ ಕೊಡ್ಲೇಬೇಡಿ. ಡುಲೂತ್‌ನಲ್ಲಿ ನರ್ಸಿಂಗ್ ಸೀಟು ಹೋದ್ರೂ ಹೋಗ್ಲಿ. ಹೆಸರು ಮಾತ್ರ.”

“ನೀನೇ ತಾತನಿಗೆ ಹೇಳು. ಇನ್ನೂ ನಾಲ್ಕು ಗಂಟೆ ಇದೆ.”

ಹುಡುಗಿ ತಾತನಿಗೆ ಹೇಳಲಿಲ್ಲ. ಯಾವ ಬಾಯಲ್ಲಿ ಹೇಳಿಯಾಳು?

ಸಂಜೆ ಜಿಮ್ಮಿನ ಬಾಗಿಲಲ್ಲಿ ಪುಸ್ತಿಕೆ ಹಂಚುತ್ತಿದ್ದವಳು ವರ್ನಾ. ಜನೆಲ್‌ಳ ತಾತ ಲೂಯಿ ಪೆರ್ಕೊ ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡು, ಸಿಲಿಂಡರಿನ ಪುಟ್ಟ ಗಾಡಿ ಎಳೆದುಕೊಂಡು ಬಂದ. ಆರ್ವೊ ಜೊತೆ ಗಣಿಯಲ್ಲಿ ದುಡಿದ ಮುದುಕ. ಮದುವೆಯ ಕೋಟು ಹಾಕಿದ್ದ. ಅದು ಈಗ ಅವನಿಗೆ ಎರಡು ಪಟ್ಟು ದೊಡ್ಡದು.

“ಏನಮ್ಮ ವರ್ನಾ, ನಮ್ಮ ಹುಡುಗಿ ಒಳಗೆ ಹೋದ್ಲಾ? ಮಧ್ಯಾಹ್ನದಿಂದ ಮನೆಗೇ ಬಂದಿಲ್ಲ. ಗೆಳತಿಯರ ಜೊತೆ ಮೆರೀತಿರ್ಬೇಕು.”

ಹೇಳಬೇಕಿತ್ತು. ಪಕ್ಕಕ್ಕೆ ಕರೆದು ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ವರ್ನಾ ಒಂದು ಪುಸ್ತಿಕೆ ತೆಗೆದು ಅವನ ಕೈಗಿಟ್ಟಳು. ಅದರಲ್ಲಿ ಜನೆಲ್ ಪೆರ್ಕೊ ಹೆಸರು ಎಲ್ಲರ ಹೆಸರಿನ ಹಾಗೆಯೇ ಅಚ್ಚಾಗಿತ್ತು.

ಮುದುಕ ಮೂರನೆಯ ಸಾಲಿನಲ್ಲಿ ಕುಳಿತು ಆ ಹೆಸರಿನ ಮೇಲೆ ಬೆರಳಿಟ್ಟುಕೊಂಡ. ಭಾಷಣಗಳು ಮುಗಿದವು. ಹೆಸರುಗಳು ಶುರುವಾದವು. ಪೆಲ್ಟೊ ಹುಡುಗ ಹತ್ತಿ ಇಳಿದ. ಪುಸ್ತಿಕೆಯಲ್ಲಿ ಅದರ ಮುಂದಿನ ಹೆಸರೇ ಜನೆಲ್ ಪೆರ್ಕೊ. ಲೂಯಿ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತ, ಕ್ಯಾಮೆರಾ ಕಣ್ಣಿಗಿಟ್ಟ. “ಪೆಟ್ರಿಚ್, ಡೀನ್” ಎಂದು ಕೂಗಿದರು. ಮುದುಕ ಕ್ಯಾಮೆರಾ ಇಳಿಸಲಿಲ್ಲ. ಹಿಂದಿನವರು “ಕೂತ್ಕೊಳ್ಳಿ ಅಜ್ಜ, ಕಾಣ್ತಿಲ್ಲ” ಎಂದರು. ಇನ್ನೂ ನಾಲ್ಕು ಹೆಸರು ಕಳೆದ ಮೇಲೆ ಅವನು ಕುಳಿತ. ಮಕ್ಕಳು ಎಸೆದ ಟೋಪಿಗಳು ಮೇಲೆ ಹಾರಿ ಬಿದ್ದು, ಜನರೆಲ್ಲ ಕೇಕು ತಿನ್ನಲು ಎದ್ದರೂ ಅವನು ಅಲ್ಲೇ ಇದ್ದ. ವರ್ನಾ ಕುರ್ಚಿ ಮಡಚುವ ನೆವದಲ್ಲಿ ಆಚೆ ಬದಿಗೆ ಸರಿದುಕೊಂಡಳು.

ಸೋಮವಾರ ಬೆಳಿಗ್ಗೆ ಹೌಟಾಲಾ ಆಫೀಸಿಗೆ ಬಂದ. ಬಿಸಿಲಿಗೆ ಮೂಗು ಸುಲಿದಿತ್ತು.

“ಏನ್ರೀ ತಕ್ಕಡಿ, ನಮ್ಮ ಪೆರ್ಕೊ ಹುಡುಗಿ ವೇದಿಕೆ ಮೇಲೆ ಕಾಣ್ಲೇ ಇಲ್ಲವಂತೆ? ಏನಾಯ್ತು, ಹುಷಾರಿರ್ಲಿಲ್ವಾ?”

ವರ್ನಾ ಹಾಳೆ ತೋರಿಸಿದಳು. ಅವನು ಓದಿದ. ನಗೆ ಹೋಯಿತು.

“ಅಯ್ಯೋ ದೇವರೇ. ಅದು ಪ್ರಥಮ ಚಿಕಿತ್ಸೆ ಕಣ್ರೀ. ನಾನೇ ಕಲಿಸಿದ್ದು. ಅಂಥ ವಿದ್ಯಾರ್ಥಿ ನನಗೆ ಇನ್ನೊಬ್ಳು ಸಿಕ್ಕಿಲ್ಲ. ಒಂದು ಮಾತು ಅವಳನ್ನ ಕೇಳ್ಬಾರದಿತ್ತಾ?”

ಕೇಳಬೇಕಾಗಿಯೇ ಇರಲಿಲ್ಲ, ಅವಳೇ ಹೇಳಿದ್ದಳು. ಚಳಿಗಾಲದಲ್ಲಿ ವರ್ನಾ ಲೆಕ್ಕ ಹಾಕಿದ್ದು ಸರಿಯಾಗಿತ್ತು, ತಿದ್ದಿದ್ದೇ ತಪ್ಪು. ಲಿಂಡಾಲ್‌ಗೆ ಹೇಳಿ, ಡಿಪ್ಲೊಮಾಗೆ ಮುದ್ರೆ ಒತ್ತಿಸಿ, ಮಧ್ಯಾಹ್ನದ ಊಟವನ್ನೂ ಬಿಟ್ಟು ಪೆರ್ಕೊ ಮನೆಗೆ ಹೊರಟಳು.

ಲೂಯಿ ಜಗಲಿಯ ಮೇಲೆ ಕುಳಿತಿದ್ದ. ಅವಳನ್ನು ಕಂಡು ಏಳಲಿಲ್ಲ.

“ಇನ್ನೇನು ಬಾಕಿ ಉಳಿದಿತ್ತು ವರ್ನಾ?”

“ತಪ್ಪು ನಂದು, ಲೂಯಿ. ಹುಡುಗಿ ಎಲ್ಲಾ ಮುಗಿಸಿದ್ಲು. ಒಂದು ಚೂರೂ ಬಾಕಿ ಇರ್ಲಿಲ್ಲ. ನಾನೇ ತಿಳೀದೆ ಹೊಡೆದು ಹಾಕಿದೆ. ಇಗೋ ಅವಳ ಡಿಪ್ಲೊಮಾ.”

ಮುದುಕ ಕೈ ಚಾಚಲಿಲ್ಲ.

“ಅವತ್ತು ನಾನು ಮನೆಗೆ ಬಂದಾಗ ಗೌನು ಹಾಕ್ಕೊಂಡೇ ಅಡುಗೆಮನೇಲಿ ಕೂತಿದ್ಲು,” ಎಂದ. “‘ತಾತ, ನಾನು ಎಲ್ಲಾ ಮುಗಿಸಿದ್ದೀನಿ, ಅವ್ರು ನಂಬ್ತಾ ಇಲ್ಲ’ ಅಂತ ಅತ್ಲು. ನಾನು ಏನಂದೆ ಗೊತ್ತಾ? ‘ವರ್ನಾ ಮಾಕಿ ಮೂವತ್ತು ವರ್ಷದಲ್ಲಿ ಒಂದು ಸಲ ತಪ್ಪು ಮಾಡಿಲ್ಲ, ಊರಿಗೇ ಗೊತ್ತು. ಸುಳ್ಳಿ ಕಣೇ ನೀನು. ಊರ ಮುಂದೆ ನನ್ನ ನಿಲ್ಲಿಸ್ಬಿಟ್ಟೆ’ ಅಂದೆ. ಬೆಳಿಗ್ಗೆ ಎದ್ದು ನೋಡಿದ್ರೆ ಇಲ್ಲ.”

“ಎಲ್ಲಿಗೆ ಹೋದ್ಲು?”

“ಡುಲೂತ್ ಬಸ್ಸು ಹತ್ತಿದ್ಲಂತೆ. ಅಲ್ಲಿಂದ ಮುಂದಕ್ಕೆ ಎಲ್ಲಿಗೆ ಹೋದ್ಲೋ ನೋಡಿದವರಿಲ್ಲ.”

ವರ್ನಾ ಡಿಪ್ಲೊಮಾವನ್ನು ಮತ್ತೊಮ್ಮೆ ಮುಂದೆ ಹಿಡಿದಳು.

“ನನಗೆ ಯಾಕೆ ಕೊಡ್ತೀಯ?” ಎಂದ ಲೂಯಿ. “ಅವಳು ನಿಜ ಹೇಳಿದ್ಲು ಅಂತ ಅವಳಿಗೆ ಮೊದ್ಲೇ ಗೊತ್ತಿತ್ತು. ಗೊತ್ತಿಲ್ದೇ ಇದ್ದಿದ್ದು ನಮ್ಮಿಬ್ಬರಿಗೆ.”

ಅವನು ಗಾಡಿ ಎಳೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ವರ್ನಾ ಡಿಪ್ಲೊಮಾ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತೇ ಇದ್ದಳು.