ಲೆತೆಬ್ರಹಾನಳ ಕಾಫಿ ಪರೀಕ್ಷೆ

ನಕ್ಫಾ ಬೆಟ್ಟದ ಕಂದಕಗಳಲ್ಲಿ ವರ್ಷಗಟ್ಟಲೆ ಮೆಷಿನ್ ಗನ್ ಹಿಡಿದು ಕಾದಾಡಿದ ಲೆತೆಬ್ರಹಾನ್ ಒಮ್ಮೆಯೂ ಧೈರ್ಯಗೆಟ್ಟವಳಲ್ಲ. ಎರಿಟ್ರಿಯಾ ಸ್ವತಂತ್ರವಾಗಿ ಅವಳು ಅಸ್ಮಾರಾದ ಮನೆಗೆ ಮರಳಿದ ಮೇಲೆ, ಕಾಫಿ ಬೀಜ ಹುರಿಯುತ್ತಾ ಕುಳಿತ ಈ ದಿನ ಮಾತ್ರ ಎರಡು ಸಲ ಸೌಟು ಕೆಳಗೆ ಬೀಳಿಸಿದ್ದಳು. ಎದುರಿಗೆ ಅವಳು ಮೆಚ್ಚಿದ ಮೆಹಾರಿ, ಪಕ್ಕದಲ್ಲಿ ಅವನ ತಾಯಿ ಅಬ್ರೆಹೆತ್. ಹುಡುಗಿ ಅಲ್ಲಿನ ಸಂಪ್ರದಾಯದ ಮೂರು ಸುತ್ತಿನ ಕಾಫಿಯನ್ನು ಹದವಾಗಿ ಮಾಡಿಕೊಟ್ಟರೆ ಮಾತ್ರ ಮದುವೆ ಎಂದು ಆ ತಾಯಿ ಮೊದಲೇ ಹೇಳಿದ್ದರು.

ಮೆಹಾರಿಯೂ ಬೆಟ್ಟದಲ್ಲಿ ಅವಳ ತುಕಡಿಯಲ್ಲೇ ಹೋರಾಡಿದವನು. ಅಲ್ಲಿ ಗಂಡಸರೂ ಅಡುಗೆ ಮಾಡಬೇಕಿತ್ತು. ಲೆತೆಬ್ರಹಾನ್ ತುಕಡಿಯ ನಾಯಕಿ, ಕಾಫಿಯ ಕೆಲಸ ಮೆಹಾರಿಯದು. ಈ ಸಂಗತಿಯನ್ನು ಅವನು ತಾಯಿಗೆ ಹೇಳಿರಲೇ ಇಲ್ಲ.

"ಬೀಜ ಕಪ್ಪಾಗ್ತಿದೆ ಮಗಳೇ," ಎಂದರು ಅಬ್ರೆಹೆತ್. "ಬೆಟ್ಟದಲ್ಲಿ ಏನು ಕುಡೀತಿದ್ರಿ, ಇದ್ದಿಲಿನ ಕಷಾಯಾನಾ?"

ಪದ್ಧತಿಯಂತೆ ಹುರಿದ ಬೀಜದ ಹೊಗೆಯನ್ನು ಅತಿಥಿಗಳ ಮೂಗಿನ ಹತ್ತಿರ ಹಿಡಿಯಬೇಕಲ್ಲ, ಅವಳು ಗಾಬರಿಯಲ್ಲೇ ಬಾಣಲೆ ಎತ್ತಿಕೊಂಡು ಎದ್ದಳು. ಅಷ್ಟರಲ್ಲಿ ಬೀಜವೊಂದು ಗುಂಡು ಹಾರಿದಂತೆ ಫಟ್ಟೆಂದು ಸಿಡಿಯಿತು.

"ಮೆಹಾರಿ, ಮಲಕ್ಕೊಳ್ಳೋ!" ಎಂದು ಕಿರುಚಿಬಿಟ್ಟಳು.

ಮೆಹಾರಿ ಧೊಪ್ಪನೆ ಬೋರಲು ಬಿದ್ದ.

"ಬಿದ್ಕೊಂಡಿದ್ರೆ ಕಾಫಿ ಯಾರು ನೋಡ್ತಾರೆ?" ಹಳೆಯ ಅಭ್ಯಾಸಬಲದಿಂದ ಆ ಮಾತೂ ಅವಳ ಬಾಯಿಂದ ಹೊರಬಿತ್ತು. ಅವನು ತೆವಳಿಕೊಂಡೇ ಹತ್ತಿರ ಬಂದು ಅವಳ ಕೈಯಲ್ಲಿದ್ದ ಬಾಣಲೆಗೆ ಕೈಚಾಚಿದ.

ಮದುವೆ ಮುರಿಯಿತೆಂದುಕೊಂಡು ಲೆತೆಬ್ರಹಾನ್ ಕಣ್ಣು ಮುಚ್ಚಿಕೊಂಡಳು.

"ಹುಟ್ಟಿದಾಗಿಂದ ನನ್ನ ಮಾತು ಒಂದೇ ಸಲಕ್ಕೆ ಕೇಳಿದೋನಲ್ಲ ಇವನು," ಎಂದರು ಅಬ್ರೆಹೆತ್, ನಿಧಾನವಾಗಿ. "ಮದುವೆ ಬೇಗ ಇಟ್ಕೊಳ್ಳೋಣ. ಅದಕ್ಕೂ ಮುಂಚೆ ಒಂದ್ಸಲ ನಮ್ಮನೆಗೆ ಬಾರಮ್ಮ, ಇವನ ಅಪ್ಪನಿಗೂ ನಿನ್ನ ಬಾಯಿಂದ ಒಂದೆರಡು ಆಜ್ಞೆ ಹಾಕಿಸೋದಿದೆ."