ಖಾಸಬಾಗದ ಪಡಸಾಲೆಯಲ್ಲಿ ಒಂದು ಮರುಭೂಮಿ

ಖಾಸಬಾಗದ ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿ ರವಿವಾರ ಮಧ್ಯಾಹ್ನ ನಾವು ಮೂವರು ಸೇರಿ ಒಂದು ಆಟ ಆಡುತ್ತಿದ್ದೆವು. ಒಬ್ಬರು ಕತೆ ಹೇಳಬೇಕು. ಉಳಿದವರು ಆ ಕತೆಯೊಳಗಿನ ಪಾತ್ರಗಳಾಗಿ ತಾವೇನು ಮಾಡುತ್ತೇವೆಂದು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕತೆ ಹೇಳುವವಳು ನಾನು. ಆಟೋ ನಗರದಲ್ಲಿ ಲೇಥ್ ಇಟ್ಟುಕೊಂಡಿರುವ ಗೆಳೆಯ ನಮ್ಮ ಯೋಧ. ಬಟ್ಟೆ ಅಂಗಡಿಯ ಗೆಳತಿ ಮಂತ್ರ ಬಲ್ಲ ಸನ್ಯಾಸಿನಿ. ಅವಳದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು. ಹಾಗಾಗಿ ನಮ್ಮ ಯುದ್ಧಗಳೆಲ್ಲ ಐದೂವರೆಗೆ ಮುಗಿಯುತ್ತಿದ್ದವು.

ಕಾಡು, ಕೋಟೆ, ಗುಹೆ ಎಲ್ಲ ಸುತ್ತಿಯಾದ ಮೇಲೆ ಹೋದ ವರ್ಷ ಅವರನ್ನು ಮರುಭೂಮಿಗೆ ಕರೆದೊಯ್ದೆ. ನಾನೇನೂ ಮರುಭೂಮಿ ಕಂಡವಳಲ್ಲ. ಆದರೂ ಒಂದು ನೋಟ್‌ಬುಕ್ ತುಂಬ ಬರೆದುಕೊಂಡಿದ್ದೆ: ಮರಳಿನಡಿ ಹೂತ ನಗರ, ಎತ್ತಿನಷ್ಟು ದೊಡ್ಡ ಚೇಳು, ಬಾವಿಗಾಗಿ ಬಡಿದಾಡುವ ಎರಡು ಕುಲ. ಮೊದಲ ರವಿವಾರ ಅವರು ಬರೀ ನಡೆದರು.

"ಈಗ ಏನ್ ಕಾಣ್ತೈತಿ?" ಯೋಧ ಕೇಳಿದ.

"ಮರಳು."

"ಬಾಜೂಕ?"

"ಅಲ್ಲೂ ಮರಳು."

ಕೊನೆಗೆ ಚೇಳು ಬಂದಾಗ ಅವನು ಖುಷಿಯಿಂದ ದಾಳಕ್ಕೆ ಕೈಹಾಕಿದ. ಸನ್ಯಾಸಿನಿ ತಡೆದಳು. "ಅದಕ್ಕೂ ಜೀವ ಐತಿ. ಸುತ್ತು ಹಾಕಿ ಹೋಗೂಣು." ದಾಳ ಅವಳ ಕಡೆಗೇ ಬಿತ್ತು. ಮೂರು ಸಂಜೆ ಕೂತು ಬರೆದ ಚೇಳು ತನ್ನ ಪಾಡಿಗೆ ತಾನು ಹೋಯಿತು. ನಾನು ಮುಖ ಸಣ್ಣದು ಮಾಡಿಕೊಂಡು ಚಹಾಕ್ಕಿಡಲು ಎದ್ದೆ.

ಆಗ ಜೋಕಾಲಿಯ ಮೇಲಿದ್ದ ನಮ್ಮ ಮಾವನವರು ಕೆಮ್ಮಿದರು. ಹಲ್ಲು ಕಟ್ಟಿಸಿಕೊಳ್ಳಲು ತಮ್ಮ ಊರು ಬೀಡಿಯಿಂದ ಬಂದಿದ್ದರು. ಈಗ ಹೊಲ ನೋಡಿಕೊಳ್ಳುತ್ತಾರೆ, ಮೊದಲು ಲಾರಿ ಓಡಿಸುತ್ತಿದ್ದರು.

"ತಪ್ಪು ತಿಳೀಬ್ಯಾಡವಾ. ಮಟಮಟ ಮಧ್ಯಾಹ್ನ ಮರಳಾಗ ಯಾರೂ ನಡ್ಯಾಂಗಿಲ್ಲ."

"ನೀವು ನೋಡೀರೇನ್ರಿ?"

"ರಾಜಸ್ಥಾನಕ್ಕ ಎಷ್ಟ್ ಸಲ ಮಾಲು ಒಯ್ದೇನಿ! ಒಮ್ಮೆ ಗಾಲಿ ಹೂತು ಕುಂತ್ವು. ನಾ ಎಕ್ಸಲೇಟರ್ ಒತ್ತಿದಷ್ಟೂ ಲಾರಿ ಒಳಗ ಹೊಂಟ್ತು. ಕುರಿ ಕಾಯಾಕಿ ಒಬ್ಬಾಕಿ ಮುದುಕಿ ಬಂದ್ಲು. ಅಕಿ ಭಾಷಾ ನನಗ ಬರೂದಿಲ್ಲ, ನಂದು ಅಕಿಗೆ ಬರೂದಿಲ್ಲ. ಮದ್ಲ ನೀರ್ ಕೊಟ್ಲು, ಆಮ್ಯಾಲೆ ನಕ್ಳು, ಆಮ್ಯಾಲೆ ಟೈರಿನ ಗಾಳಿ ಬಿಡು ಅಂತ ಕೈಸನ್ನಿ ಮಾಡಿದ್ಲು. ಅರ್ಧ ಗಾಳಿ ಬಿಟ್ಟೆ ನೋಡು, ಗಾಡಿ ಬೆಣ್ಯಾಗಿಂದ ಕೂದ್ಲ ಎದ್ದಂಗ ಎದ್ದ್ ಬಂತು."

ಅಲ್ಲಿ ಮರಳಿನಿಂದಲೇ ಭಾಂಡಿ ತಿಕ್ಕುವುದು, ಹೊತ್ತು ಮುಳುಗಿದರೆ ಹಲ್ಲು ಕಟಕಟಿಸುವ ಚಳಿ, ಎಲ್ಲ ಹೇಳಿದರು. ಚಹಾ ಆರಿಹೋಯಿತು. ಯೋಧ ಎದ್ದು ಕುರ್ಚಿ ಎಳೆದ. "ಕಾಕಾ, ಇಲ್ಲಿ ಕುಂದರ್ರಿ. ನೀವು ನಮ್ಮ ಒಂಟಿ ನಡಸಾವ್ರು."

ಮುಂದಿನ ರವಿವಾರ ಬಾವಿಯ ಕಾಳಗ. ಎರಡೂ ಕುಲದವರು ಭರ್ಚಿ ಹಿಡಿದು ನಿಂತಿದ್ದಾರೆ ಎಂದು ನಾನು ದನಿ ಏರಿಸಿ ವರ್ಣಿಸಿದೆ. ಮೂರು ವಾರಕ್ಕಾಗುವಷ್ಟು ಯುದ್ಧ ತಯಾರಿತ್ತು. ಮಾವನವರು ಕೈ ಎತ್ತಿದರು.

"ಈ ಬಾವಿ ಹೂಳು ಯಾರು ತಗದಾರ?"

ನೋಟ್‌ಬುಕ್ ತಿರುವಿದೆ. ಎಲ್ಲೂ ಬರೆದಿರಲಿಲ್ಲ. "ಯಾರೂ ತಗದಿಲ್ಲರಿ," ಎಂದೆ.

"ಹಂಗಾರ ನೀರ್ ಎಲ್ಲಿಂದ ಬರಬೇಕು? ಜಗಳ ಆಮ್ಯಾಲೆ ಮಾಡ್ರಿ, ಮದ್ಲ ಹೂಳು ತಗೀರಿ. ಹಗ್ಗ ನಮ್ಮ ಒಂಟಿ ಜಗ್ತೈತಿ."

ಇಬ್ಬರು ಮುಖಂಡರ ಮಾತನ್ನೂ ನಾನೇ ಆಡಬೇಕಲ್ಲ, ದಾಳ ಹೇಳಿದಂತಾಗಲಿ ಎಂದು ಇಬ್ಬರಿಂದಲೂ ಹೇಳಿಸಿದೆ. ಮಾವನವರು ದಾಳ ಉರುಳಿಸಿದರು, ಹತ್ತೊಂಬತ್ತು ಬಿತ್ತು. ಅಷ್ಟರಲ್ಲಿ ಯೋಧ ನನ್ನ ನೋಟ್‌ಬುಕ್ ಕಸಿದುಕೊಂಡು, ಯುದ್ಧದ ನಕ್ಷೆಯ ಮೇಲೆಯೇ ಬಾವಿಗೊಂದು ಹಗ್ಗ ಜಗ್ಗುವ ಗಡಗಡಿಯ ಚಿತ್ರ ಅಳತೆ ಸಮೇತ ಬರೆಯತೊಡಗಿದ. ಸನ್ಯಾಸಿನಿ ಯಾವ ಕುಲದವರು ಯಾವಾಗ ಇಳಿಯಬೇಕೆಂದು ಪಾಳಿ ಹಚ್ಚಿದಳು. ನನಗೆ ಒಂದು ಗಳಿಗೆ ಖರೇ ಸಿಟ್ಟು ಬಂತು. ಆಮೇಲೆ ಮೂರೂ ಮಂದಿ ಏಕಕಾಲಕ್ಕೆ ಮಾತಾಡುವುದನ್ನು ನೋಡಿದೆ. ಇಷ್ಟು ದಿನದ ಆಟದಲ್ಲಿ ಹಾಗಾದದ್ದೇ ಇಲ್ಲ. ನೋಟ್‌ಬುಕ್ಕಿನ ಆಸೆ ಬಿಟ್ಟೆ.

ಐದೂವರೆ ದಾಟಿದರೂ ಯಾರೂ ಏಳಲಿಲ್ಲ. ಗೆಳತಿಗೆ ಅಲ್ಲೇ ಊಟ ಹಾಕುವುದೆಂದಾಯಿತು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಮುಖಂಡರ ಮಾತನ್ನು ಕೂಗಿ ಹೇಳಿದೆ. ಅವಳು ಹೆಸರುಕಾಳಿನ ಪಲ್ಯ ಹಚ್ಚಿಕೊಂಡು ತಿನ್ನುತ್ತ, ಹೊತ್ತು ಮುಳುಗುವ ಮೊದಲೇ, ಬಾವಿಗೆ ನೀರು ಬರಿಸಿದಳು.

ಹಲ್ಲಿನ ಕೆಲಸ ಮುಗಿದು ಮಾವನವರು ಊರಿಗೆ ಹೋದರು. ಈಗ ತಿಂಗಳಿಗೊಮ್ಮೆ ನಾವೇ ಖಾನಾಪುರ ದಾಟಿ ಬೀಡಿಗೆ ಹೋಗುತ್ತೇವೆ. ಹೋದ ಸಲ ಮರಾಠಿ ಮಾತಾಡುವ ಪಕ್ಕದ ಮನೆಯ ಅಜ್ಜಿ ಶೇಂಗಾ ಸುಲಿಯುತ್ತ ನಮ್ಮ ಆಟ ನೋಡುತ್ತ ಕೂತಿದ್ದರು. ಮಾವನವರು ಮರಾಠಿಯಲ್ಲಿ ಕೇಳಿದರು, ನೀವೇನಾಗ್ತೀರಿ ಎಂದು. ಅಜ್ಜಿ ಯೋಚಿಸಿ, ತಾನು ಗಾಳಿ ಆಗುತ್ತೇನೆಂದರು. ಗಾಳಿ ಒಂದು ಪಾತ್ರವಲ್ಲ ಎಂದು ನಾನು ವಿವರಿಸುವಷ್ಟರಲ್ಲಿ ದಾಳ ಉರುಳಿಸಿಯೇಬಿಟ್ಟರು. ಇಪ್ಪತ್ತು! ಯೋಧನ ರುಮಾಲು ಹಾರಿ, ಎರಡು ಮರಳುದಿಬ್ಬ ದಾಟಿ ಹೋಯಿತು. "ಆಜೀ, ಕೊಡ್ರಿ ಅದನ್ನ," ಎಂದು ಅವನು ಬೇಡಿಕೊಂಡ. ಅಜ್ಜಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಆದರೂ ಕೇಳಿಸದವರಂತೆ ದಾಳವನ್ನು ಮತ್ತೊಮ್ಮೆ ಕೈಗೆತ್ತಿಕೊಂಡರು.