ದೊರೆಯ ಮೊಣಕಾಲು, ಪ್ರಭಾವತಿಯ ಮೊಣಕಾಲು

ಫಾರಿಸ್ ಬಿನ್ ಮನ್ಸೂರ್ ದೊರೆ ಹುಟ್ಟಿದ್ದು ಒಂದು ಶುಕ್ರವಾರ, ಬೆಳಗಿನ ನಮಾಜಿನ ಹೊತ್ತಿಗೆ, ಹವಳದ ಕಲ್ಲಿನ ಕೋಟೆಯ ಮೂಡಣ ಕೋಣೆಯಲ್ಲಿ. ಇದು ಶಿಕಾಗೋ ಹತ್ತಿರದ ವುಡ್‌ರಿಡ್ಜ್‌ನ ರೇವಣಪ್ಪನವರಿಗೆ ಗೊತ್ತು. ಆ ಹೊತ್ತಿನಲ್ಲಿ ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು ಎಂಬುದೂ ಗೊತ್ತು. ಹೆತ್ತವಳ ಹೆಸರು ಮಾತ್ರ ಗೊತ್ತಿಲ್ಲ. ಅವರು ಬರೆದ ಪುಸ್ತಕದಲ್ಲಿ ಆಕೆ ಬರೀ ‘ರಾಜಮಾತೆ’.

ಆ ಪುಸ್ತಕದ ಪ್ರತಿ ಅಕ್ಷರವನ್ನೂ ಟೈಪ್ ಮಾಡಿದವಳು ಅವರ ಹೆಂಡತಿ ಪ್ರಭಾವತಿ. ಈ ಕತೆ ಅವಳದು. ಆದರೆ ದೊರೆಯನ್ನು ದಾಟದೆ ಅವಳ ಹತ್ತಿರ ಹೋಗುವ ಹಾಗಿಲ್ಲ. ಅವರ ಮನೆಗೆ ಹೋದವರಿಗೂ ಅದೇ ಪಾಡು: ಬಾಗಿಲು ತೆರೆದ ಕೂಡಲೇ ಎದುರು ಗೋಡೆಯ ಮೇಲೆ ಗಿಡುಗ ಹಿಡಿದು ನಿಂತ ದೊರೆ ಕಾಣುತ್ತಾನೆ. ಪ್ರಭಾವತಿ ಆಮೇಲೆ ಕಾಣುತ್ತಾಳೆ, ನೀರಿನ ಲೋಟ ಹಿಡಿದು.

ಕೊಲ್ಲಿಯ ಅಂಚಿನ ಆ ಪುಟ್ಟ ರಾಜ್ಯವನ್ನು ಇಲ್ಲಿ ರಸ್ ಮರ್ಜಾನ್ ಎಂದು ಕರೆಯೋಣ. ರೇವಣಪ್ಪನವರು ಹರೆಯದಲ್ಲಿ ಅಲ್ಲಿ ಸಮುದ್ರದ ನೀರನ್ನು ಸಿಹಿನೀರು ಮಾಡುವ ಕಾರ್ಖಾನೆಯ ಇಂಜಿನಿಯರ್ ಆಗಿದ್ದರು. ಕಾರ್ಖಾನೆಯ ಉದ್ಘಾಟನೆಗೆ ಬಂದ ದೊರೆ ಸಾಲಿನಲ್ಲಿ ನಿಂತಿದ್ದ ಇವರ ಹೆಲ್ಮೆಟ್ ಮೇಲೆ ಎರಡು ಸಲ ತಟ್ಟಿ ಮುಂದೆ ಹೋದ. ಆ ಹೆಲ್ಮೆಟ್ ಈಗಲೂ ಗಾಜಿನ ಪೆಟ್ಟಿಗೆಯಲ್ಲಿದೆ. ಧೂಳು ಒರೆಸುವ ಗೌರವ ಪ್ರಭಾವತಿಗೆ.

ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿದ್ದ ಪ್ರಭಾವತಿಗೆ ರಸ್ ಮರ್ಜಾನ್‌ನಲ್ಲಿ ಕೆಲಸ ಮಾಡಲು ಅನುಮತಿ ಇರಲಿಲ್ಲ. ಅಂದರೆ ಸಂಬಳದ ಕೆಲಸಕ್ಕೆ ಇರಲಿಲ್ಲ. ಶುಕ್ರವಾರ ಬಂತೆಂದರೆ ಬಾಗಲಕೋಟೆ, ಗದಗ, ಹಾವೇರಿ ಕಡೆಯ ಒಂಟಿ ಗಂಡಸರೆಲ್ಲ ‘ವೈನಿ ಕೈರುಚಿ’ ಎಂದು ಈ ಅತ್ತಿಗೆಯ ಅಡುಗೆಗೆ ಮನೆ ತುಂಬುತ್ತಿದ್ದರು. ಅದಕ್ಕೆ ಯಾವ ಅನುಮತಿಯೂ ಬೇಕಾಗಲಿಲ್ಲ. ಆಮೇಲೆ ರೇವಣಪ್ಪನವರಿಗೆ ಇಟಾಸ್ಕಾದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ಸಂಸಾರ ಶಿಕಾಗೋ ಕಡೆಗೆ ಬಂತು. ಇಲ್ಲಿ ಪ್ರಭಾವತಿ ಒಂದು ಫಾರ್ಮಸಿಯ ಕೌಂಟರಿನ ಹಿಂದೆ ನಿವೃತ್ತಿಯವರೆಗೂ ನಿಂತೇ ದುಡಿದಳು. ಯಾರಾದರೂ ಕೇಳಿದರೆ ರೇವಣಪ್ಪನವರು, ‘ಏನೋ ಟೈಮ್‌ಪಾಸಿಗೆ ಹೋಗ್ತಾಳ್ರಿ’ ಅನ್ನುತ್ತಿದ್ದರು. ಆ ಟೈಮ್‌ಪಾಸು ಅವಳ ಬಲಗಾಲಿನ ಮೊಣಕಾಲನ್ನು ಎಲುಬಿಗೆ ಎಲುಬು ತಾಗುವಷ್ಟು ಸವೆಸಿತ್ತು.

ದೊರೆ ತೀರಿಕೊಂಡ ಸುದ್ದಿ ಬಂದ ದಿನ ರೇವಣಪ್ಪನವರು ಮಧ್ಯಾಹ್ನದ ಊಟ ಬಿಟ್ಟರು. ರಾತ್ರಿ ಎರಡೂ ಹೊತ್ತಿನದು ಸೇರಿಸಿ ಉಂಡು, ಕೈತೊಳೆಯುತ್ತಾ, ದೊರೆಯ ಜೀವನ ಮತ್ತು ಆಳ್ವಿಕೆಯನ್ನು ಕನ್ನಡದಲ್ಲಿ ಬರೆಯುವುದಾಗಿ ಪ್ರಕಟಿಸಿದರು.

ಅವರು ಬರೆಯುವ ರೀತಿ ಹೀಗಿತ್ತು. ಬೇಸ್‌ಮೆಂಟಿನ ಟ್ರೆಡ್‌ಮಿಲ್ ಮೇಲೆ ನಡೆಯುತ್ತಾ ಹೇಳುವುದು ಅವರ ಪಾಲು, ಮೂಲೆಯ ಮೇಜಿನಲ್ಲಿ ಕೂತು ಟೈಪ್ ಮಾಡುವುದು ಪ್ರಭಾವತಿಯ ಪಾಲು. ಇದರಿಂದ ಅವರ ಸಕ್ಕರೆ ಕಾಯಿಲೆ ಹತೋಟಿಗೆ ಬಂತು. ಒಂದೊಂದು ಅಧ್ಯಾಯದ ನಡುವೆ ಚಹಾ ಬೇಕು, ಒಲೆ ಇರುವುದು ಮೇಲೆ. ಪ್ರಭಾವತಿ ಮೆಟ್ಟಿಲನ್ನು ಹತ್ತುವಾಗ ಕಟಾಂಜನ ಹಿಡಿದು ಹತ್ತುತ್ತಿದ್ದಳು, ಇಳಿಯುವಾಗ ಏಣಿ ಇಳಿದಂತೆ ಹಿಮ್ಮುಖವಾಗಿ ಇಳಿಯುತ್ತಿದ್ದಳು. ಹಿಮ್ಮುಖವಾಗಿ ಇಳಿಯುತ್ತಾ ಬಿಸಿ ಚಹಾ ಚೆಲ್ಲದಂತೆ ತರುವ ವಿದ್ಯೆಯನ್ನು ಧಾರವಾಡದ ಎಂ.ಎಸ್ಸಿ.ಯಲ್ಲಿ ಕಲಿಸಿರಲಿಲ್ಲ.

ದೊರೆಯ ಬಾಲ್ಯ ಮುಗಿಯಿತು. ವಿಲಾಯತಿಯ ಸೈನಿಕ ಶಾಲೆ ಮುಗಿಯಿತು. ತಂದೆ ಕಣ್ಣಿನ ಚಿಕಿತ್ಸೆಗೆ ಯುರೋಪಿಗೆ ಹೋಗಿದ್ದಾಗ ಮಗ ರೇಡಿಯೋ ಕೇಂದ್ರಕ್ಕೆ ಹೋಗಿ, ಇನ್ನು ಮೇಲೆ ನಾನೇ ದೊರೆ ಎಂದು ಓದಿ ಹೇಳಿದ. ಮುದುಕನಿಗೆ ಸುದ್ದಿ ಗೊತ್ತಾದದ್ದು ಹೋಟೆಲಿನಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಾಷ್ಟಾಕ್ಕೆ ಕೂತಿದ್ದಾಗ.

“ಒಂದು ಹನಿ ರಕ್ತ ಚೆಲ್ಲಲಿಲ್ಲ ಅಂತ ಬರಿ,” ಎಂದರು ರೇವಣಪ್ಪನವರು, ಟ್ರೆಡ್‌ಮಿಲ್ಲಿನ ವೇಗ ಹೆಚ್ಚಿಸಿ. ಕ್ರಾಂತಿ ಬಂದಾಗಲೆಲ್ಲ ಅವರು ವೇಗ ಹೆಚ್ಚಿಸುತ್ತಿದ್ದರು.

ಆಮೇಲೆ ರಸ್ತೆಗಳು ಬಂದವು, ಬಂದರು ಬಂತು, ಆಸ್ಪತ್ರೆ ಬಂತು, ಮರಳಿನಲ್ಲಿ ನಲ್ಲಿನೀರು ಬಂತು. ‘ಸ್ತ್ರೀಕುಲೋದ್ಧಾರಕ’ ಎಂಬ ಅಧ್ಯಾಯವೂ ಬಂತು. ದೊರೆ ಹೆಣ್ಣುಮಕ್ಕಳಿಗೆ ಶಾಲೆ ತೆರೆದದ್ದಕ್ಕೆ ಅದರಲ್ಲಿ ಅರ್ಧ ಪುಟ. ಅದರ ಹಿಂದಿನ ಅಧ್ಯಾಯ ದೊರೆಯ ಗಿಡುಗಗಳದ್ದು, ಹನ್ನೊಂದು ಪುಟ.

“ಅಲ್ರೀ, ಈ ದೊರಿಗೆ ಎಷ್ಟು ಮಂದಿ ಹೆಂಡ್ರು?” ಪ್ರಭಾವತಿ ಕೇಳಿದಳು.

“ಮೂರೋ ನಾಕೋ. ಅದ್ಯಾಕ ಬೇಕು ಈಗ?”

“ಗಿಡುಗಕ್ಕ ಹೆಸರೈತಿ, ಕುದರಿಗೆ ಹೆಸರೈತಿ. ಅವರಿಗೂ ಏನರ ಒಂದು ಹೆಸರಿಟ್ಟಿರಬೇಕಲ್ಲ, ಅವರ ಅಪ್ಪ ಅವ್ವ?”

“ಇತಿಹಾಸ ಬರಿಯೋವಾಗ ಮನಿ ಮಾತು ತರಬಾರದು, ಪ್ರಭಾ.”

“ಹಂಗಾರ ದೊರಿ ಮನ್ಯಾಗ ಉಣ್ಣತಿದ್ದಿಲ್ಲೇನು?”

ರೇವಣಪ್ಪನವರು ಟ್ರೆಡ್‌ಮಿಲ್ ನಿಲ್ಲಿಸಿ, “ಚಾ ಮಾಡು,” ಎಂದರು. ಉತ್ತರ ಗೊತ್ತಿಲ್ಲದಾಗ ಇತಿಹಾಸಕಾರರು ವಿರಾಮ ತೆಗೆದುಕೊಳ್ಳುತ್ತಾರೆ.

ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಪ್ರಭಾವತಿ ಮೊದಲ ಸಲ ದಿನ ಗೊತ್ತು ಮಾಡಿಸಿದ್ದು ಪಟ್ಟಾಭಿಷೇಕದ ಅಧ್ಯಾಯ ನಡೆಯುತ್ತಿದ್ದಾಗ. ‘ಪಟ್ಟ ಆಗೋ ಹೊತ್ತಿನ್ಯಾಗ ಎದ್ದು ಹೊಂಟೀಯಲ್ಲ’ ಎಂಬ ಮಾತು ಬಂತು. ಅವಳೇ ಫೋನ್ ಮಾಡಿ ಮುಂದೂಡಿದಳು. ಎರಡನೆಯ ಸಲ ಗದಗಿನ ಪ್ರೆಸ್ಸಿನಿಂದ ಕರಡು ಬಂದಿತ್ತು, ಅದನ್ನು ತಿದ್ದಬೇಕಿತ್ತು. ಆಗಲೂ ಅವಳೇ ಮುಂದೂಡಿದಳು. ಮೂರನೆಯ ಸಲ ಸರ್ಜನ್ ಆಫೀಸಿನವರು ನಯವಾಗಿಯೇ ಹೇಳಿದರು: ಇನ್ನೊಮ್ಮೆ ತಪ್ಪಿಸಿದರೆ ಸರತಿಯ ಕೊನೆಗೆ ಹೋಗುತ್ತೀರಿ, ಮುಂದಿನ ಬೇಸಿಗೆಯವರೆಗೂ ಕಾಯಬೇಕು. ಬೇಸಿಗೆಯವರೆಗೆ ಈ ಕಾಲು ಕಾಯುವುದಿಲ್ಲ ಎಂದು ಪ್ರಭಾವತಿಗೆ ಗೊತ್ತಿತ್ತು. ಆಗಲೇ ಅದು ಹೊರಕ್ಕೆ ಬಾಗತೊಡಗಿತ್ತು.

ಕರಡು ತಿದ್ದುವಾಗ ಅವಳು ಅರ್ಧ ದಿನ ನಿಂತುಹೋದದ್ದು ಒಂದೇ ಒಂದು ಕಡೆ. ದೊರೆ ಕುದುರೆಯಿಂದ ಬಿದ್ದು ಮೊಣಕಾಲು ನೋಯಿಸಿಕೊಂಡ ಪ್ರಸಂಗ. ಅವನನ್ನು ಸ್ವಂತ ವಿಮಾನದಲ್ಲಿ ಪರದೇಶಕ್ಕೆ ಒಯ್ದರು. ಮಸೀದಿಗಳಲ್ಲಿ ಪ್ರಾರ್ಥನೆ ನಡೆಯಿತು, ಶಾಲೆಗಳಿಗೆ ರಜೆ ಕೊಟ್ಟರು, ಮೀನುಗಾರರು ದೋಣಿ ಇಳಿಸಲಿಲ್ಲ. ‘ಆ ಮೊಣಕಾಲಿನ ನೋವು ಇಡೀ ನಾಡಿನ ನೋವಾಗಿತ್ತು’ ಎಂಬ ವಾಕ್ಯಕ್ಕೆ ರೇವಣಪ್ಪನವರು ತಾವೇ ಕಣ್ಣೊರೆಸಿಕೊಂಡಿದ್ದರು. ಪ್ರಭಾವತಿ ತನ್ನ ಮೊಣಕಾಲಿನ ಮೇಲೆ ಫ್ರೋಜನ್ ಬಟಾಣಿಯ ಚೀಲ ಇಟ್ಟುಕೊಂಡು ಆ ವಾಕ್ಯದ ಒಂದು ಕಾಗುಣಿತ ದೋಷವನ್ನು ಸರಿಪಡಿಸಿದಳು.

ಪುಸ್ತಕದ ಪ್ರತಿಗಳು ಊರಿಗೆ ಹೋಗಿ ಬಂದವರ ಸೂಟ್‌ಕೇಸುಗಳಲ್ಲಿ ಬಂದಿಳಿದವು. ಕನ್ನಡ ಕೂಟದವರು ಬಿಡುಗಡೆಗೆ ಒಪ್ಪಿದರು. ರೇವಣಪ್ಪನವರು ಪಂಚಾಂಗ ನೋಡಿ ಒಂದು ಶನಿವಾರ ಗೊತ್ತು ಮಾಡಿದರು. ಅದು ಪ್ರಭಾವತಿಯ ಶಸ್ತ್ರಚಿಕಿತ್ಸೆಯ ಮರುದಿನ ಎಂಬುದು ಪಂಚಾಂಗದಲ್ಲಿ ಬರೆದಿರಲಿಲ್ಲ. ಊಟದ ವಿಷಯವನ್ನೂ ಅವರೇ ಒಪ್ಪಿಕೊಂಡು ಬಂದಿದ್ದರು. ಪ್ರಭಾವತಿಗೆ ಅದು ಗೊತ್ತಾದದ್ದು ಕೂಟದ ಕಾರ್ಯದರ್ಶಿ ಮೈತ್ರೇಯಿ ಫೋನ್ ಮಾಡಿದಾಗ.

“ಆಂಟಿ, ಫ್ಲೈಯರ್ ನೋಡಿದ್ರಾ? ‘ಕೈಯಲ್ಲಿ ತಟ್ಟಿದ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ’ ಅಂತ ಹಾಕಿದೀವಿ. ಎಷ್ಟು ಜನ ರಿಜಿಸ್ಟರ್ ಮಾಡಿದಾರೆ ಗೊತ್ತಾ! ಪುಸ್ತಕ ಯಾವ್ದು ಅಂತ ಒಬ್ರೂ ಕೇಳಿಲ್ಲ, ರೊಟ್ಟಿ ಎಷ್ಟು ಗಂಟೆಗೆ ಅಂತ ಎಲ್ರೂ ಕೇಳ್ತಿದಾರೆ.”

“ರೊಟ್ಟಿ ಯಾರು ತಟ್ತಾರಂತವ್ವಾ?”

“ಅಂಕಲ್ ಹೇಳಿದ್ರಲ್ಲ, ನೀವೇ ಅಂತ...” ಮೈತ್ರೇಯಿಯ ದನಿ ತೆಳ್ಳಗಾಯಿತು.

ಆ ಸಂಜೆ ಪ್ರಭಾವತಿ ಅಡುಗೆಮನೆಯಲ್ಲಿ ಇಬ್ಬರಿಗಾಗುವಷ್ಟೇ ಹಿಟ್ಟು ನಾದುತ್ತಾ, ಶುಕ್ರವಾರ ತಾನು ಆಸ್ಪತ್ರೆಯಲ್ಲಿರುತ್ತೇನೆ ಎಂದು ನೆನಪಿಸಿದಳು.

“ಅಮಾಸಿ ಹಿಂದ ಮುಂದ ಯಾರರ ಕಾಲು ಕೊಯ್ಸಕೋತಾರೇನ?” ರೇವಣಪ್ಪನವರು ಫೋನ್ ಕೈಗೆತ್ತಿಕೊಂಡರು. “ನೀ ಹಿಟ್ಟು ನಾದು. ನಾ ಮಾತಾಡ್ತೇನಿ. ಒಂದು ತಿಂಗಳು ಮುಂದ ಹಾಕಿಸಿದ್ರಾತು.”

ಸರ್ಜನ್ ಆಫೀಸಿನ ಹುಡುಗಿ ಸ್ಪೀಕರಿನಲ್ಲಿ ಇಂಪಾಗಿ ಮಾತಾಡಿದಳು. ರೋಗಿಯ ಹೆಸರು ಕೇಳಿದಳು, ರೇವಣಪ್ಪನವರು ಹೇಳಿದರು. ರೋಗಿಯ ಹುಟ್ಟಿದ ದಿನಾಂಕ ಕೇಳಿದಳು.

“ಜೂನ್ ಒಂದು,” ಎಂದರು ರೇವಣಪ್ಪನವರು, ಒಂದಿಷ್ಟೂ ತಡವರಿಸದೆ.

ಅವರದೂ ಜೂನ್ ಒಂದು. ಅವರ ಅಣ್ಣನದು, ಇಬ್ಬರು ತಂಗಿಯರದು, ಓಣಿಯ ಗೆಳೆಯರೆಲ್ಲರದು ಜೂನ್ ಒಂದು. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಊರಿನ ಅಷ್ಟೂ ಮಕ್ಕಳನ್ನು ಒಂದೇ ದಿನ ಹುಟ್ಟಿಸಿದ್ದರು. ಹೀಗಾಗಿ ತಮ್ಮ ಹೆಂಡತಿಯೂ ಅಂದೇ ಹುಟ್ಟಿರಬೇಕೆಂದು ಅವರು ಮದುವೆಯಾದಾಗಿನಿಂದ ನಂಬಿಕೊಂಡಿದ್ದರು. ಪ್ರತಿ ವರ್ಷ ಜೂನ್ ಒಂದಕ್ಕೆ ಬರುವ ಕೇಕಿನ ಮೇಲೆ ರೇವಣಪ್ಪನವರ ಹೆಸರಷ್ಟೇ ಇರುತ್ತಿತ್ತು, ‘ಇಬ್ಬರದೂ ಒಂದರಾಗ ಆತು’ ಎಂದು ಅವರೇ ಕತ್ತರಿಸುತ್ತಿದ್ದರು. ಪ್ರಭಾವತಿ ಮೊದಲ ಒಂದೆರಡು ವರ್ಷ ತಿದ್ದಿ ನೋಡಿದ್ದಳು. ಆಮೇಲೆ ಕೇಕು ತಿಂದಳು. ಅವಳ ಅಪ್ಪ ತಾವೇ ಶಾಲಾ ಮಾಸ್ತರರಾಗಿದ್ದರಿಂದ ಮಗಳ ನಿಜವಾದ ದಿನವನ್ನೇ ಬರೆಸಿದ್ದರು. ವೀಸಾ, ಪಾಸ್‌ಪೋರ್ಟ್, ಪೌರತ್ವದ ಅರ್ಜಿಗಳನ್ನೆಲ್ಲ ಅವಳೇ ತುಂಬಿದ್ದರಿಂದ ರೇವಣಪ್ಪನವರಿಗೆ ಅದು ಕಣ್ಣಿಗೆ ಬೀಳುವ ಸಂದರ್ಭವೇ ಬಂದಿರಲಿಲ್ಲ.

ಅದು ಹೊಂದುತ್ತಿಲ್ಲ ಎಂದಳು ಹುಡುಗಿ. ರೇವಣಪ್ಪನವರು ವರ್ಷ ಬದಲಿಸಿ ನೋಡಿದರು. ಹುಡುಗಿ ಕ್ಷಮೆ ಕೇಳಿದಳು. ಇನ್ನೊಂದು ವರ್ಷ ಹೇಳಿದರು. ರೋಗಿ ಹತ್ತಿರದಲ್ಲಿದ್ದಾರೆಯೇ, ಅವರೊಡನೆಯೇ ಮಾತಾಡಬಹುದೇ ಎಂದು ಹುಡುಗಿ ಕೇಳಿದಳು.

ರೇವಣಪ್ಪನವರು ಫೋನನ್ನು ಹಿಟ್ಟಿನ ಪರಾತದ ಪಕ್ಕ ತಂದು ಹಿಡಿದರು. “ಹೇಳು ಆಕಿಗೆ. ಮುಂದ ಹಾಕು ಅಂತ ಹೇಳು.”

ಪ್ರಭಾವತಿ ಗಂಡನ ಮುಖವನ್ನು ಒಮ್ಮೆ ನೋಡಿದಳು. ಫೋನಿನ ಕಡೆ ಬಾಗಿ ಹೇಳಿದಳು: ಆಗಸ್ಟ್ ಹತ್ತೊಂಬತ್ತು. ವರ್ಷವನ್ನೂ ಹೇಳಿದಳು. ಹುಡುಗಿಗೆ ಬಹಳ ಸಂತೋಷವಾಯಿತು. ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಕೇ ಎಂದು ಕೇಳಿದಳು.

“ನೋ,” ಎಂದಳು ಪ್ರಭಾವತಿ. “ಫ್ರೈಡೇ ಈಸ್ ಫೈನ್.”

ಹಿಟ್ಟು ಮೆತ್ತಿದ ಬೆರಳಿನಿಂದಲೇ ಫೋನ್ ಕಟ್ ಮಾಡಿದಳು. ರೇವಣಪ್ಪನವರಿಗೆ ಮೊದಲು ಹೊಳೆದದ್ದು ಪರದೆಗೆ ಹಿಟ್ಟು ಮೆತ್ತಿದ್ದು. ಆಮೇಲೆ ಉಳಿದದ್ದು ಹೊಳೆಯಿತು.

“ಪ್ರಭಾ! ಜನಕ್ಕ ಏನಂತ ಹೇಳ್ಲಿ ನಾ?”

“ದೊರಿ ಚಿಕಿತ್ಸಾಕ್ಕ ಹೋಗ್ಯಾನ ಅಂತ ಹೇಳ್ರಿ. ತಿಳೀತೈತಿ. ನೀವ ಬರದೀರಲ್ಲ.”

ಶುಕ್ರವಾರ ಬೆಳಿಗ್ಗೆ ಹಾಫ್‌ಮನ್ ಎಸ್ಟೇಟ್ಸ್‌ನಿಂದ ಮಗಳು ಅಕ್ಷರಾ ಬಂದು ಅಮ್ಮನನ್ನು ಕರೆದುಕೊಂಡು ಹೋದಳು. ಮೀನುಗಾರರು ದೋಣಿ ಇಳಿಸಿದರು, ಶಾಲೆಗಳು ನಡೆದವು, ಐ-355 ಹೆದ್ದಾರಿಯಲ್ಲಿ ಟ್ರಾಫಿಕ್ ಎಂದಿನಂತಿತ್ತು. ರಸ್ ಮರ್ಜಾನ್‌ನ ಮುದಿ ದೊರೆ ಚಿಕಿತ್ಸೆಗೆ ಹೋದಾಗ ಅವನ ಸಿಂಹಾಸನಕ್ಕೆ ಹೊಂಚು ಹಾಕಿದ ಮಗನಾದರೂ ಇದ್ದ. ಪ್ರಭಾವತಿಯ ಒಲೆಗೆ ಹೊಂಚು ಹಾಕುವವರು ಯಾರೂ ಇರಲಿಲ್ಲ. ಹೀಗೆ ತೆರವಾದ ಒಂದು ಪಟ್ಟಕ್ಕೆ ಇಡೀ ಡುಪೇಜ್ ಕೌಂಟಿಯಲ್ಲಿ ಒಬ್ಬ ಗಂಡಸೂ ಮುಂದೆ ಬಾರದಿದ್ದದ್ದು ರಾಜ್ಯಶಾಸ್ತ್ರದವರು ಅಭ್ಯಾಸ ಮಾಡಬೇಕಾದ ವಿಷಯ.

ಶನಿವಾರ ಪುಸ್ತಕ ಬಿಡುಗಡೆಯಾಯಿತು. ಊಟಕ್ಕೆ ಪಿಜ್ಜಾ ತರಿಸಿದರು. ರೇವಣಪ್ಪನವರು ಮಾತಾಡಿದರು. ಒಂದು ಹನಿ ರಕ್ತ ಚೆಲ್ಲದ ಕ್ರಾಂತಿಯ ಘಟ್ಟಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲುಗಳು ಪಾರ್ಕಿಂಗ್ ಲಾಟಿನಲ್ಲಿದ್ದವು. ಹೊರಡುವಾಗ ಮೂರು ಮಂದಿ ಅವರ ಕೈಕುಲುಕಿ, ರೊಟ್ಟಿ ಆಗದೇ ಹೋದದ್ದಕ್ಕೆ ವಿಷಾದ ಸೂಚಿಸಿದರು. ಮೈತ್ರೇಯಿ ಒಬ್ಬಳೇ ಆಸ್ಪತ್ರೆಗೆ ಫೋನ್ ಮಾಡಿ, “ಸಾರಿ ಆಂಟಿ, ನಿಮ್ಮನ್ನ ಕೇಳಿ ಹಾಕ್ಬೇಕಿತ್ತು,” ಎಂದಳು.

ಪ್ರಭಾವತಿಯನ್ನು ಮನೆಗೆ ಕಳಿಸುವ ಮುನ್ನ ನರ್ಸ್, ಇವರನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದಳು. ರೇವಣಪ್ಪನವರು ತಿರುಗಿ ಹಿಂದೆ ನೋಡಿದರು. ಹಿಂದೆ ಕೈತೊಳೆಯುವ ಬೇಸಿನ್ ಇತ್ತು. ನರ್ಸ್ ಅವರ ಹೆಸರನ್ನೇ ಬರೆದುಕೊಂಡು, ಔಷಧ ಎಷ್ಟು ಹೊತ್ತಿಗೆ, ಐಸ್ ಎಷ್ಟು ಹೊತ್ತಿಗೆ, ಊಟ ಎಷ್ಟು ಹೊತ್ತಿಗೆ ಎಂದು ವಿವರಿಸತೊಡಗಿದಳು. ಊಟದ ವಿಷಯ ಬಂದಾಗ ಅವರು ಪೆನ್ನು ಕೇಳಿ ಪಡೆದರು. ಅಕ್ಷರಾ ಫೋಟೊ ತೆಗೆದುಕೊಂಡಳು.

ಮನೆಗೆ ಬಂದು ಕಾಲು ಮಡಚಿಸುವ ಥೆರಪಿಸ್ಟ್ ಗಟ್ಟಿ ಕೈಯ ಹೆಂಗಸು. ಅವಳು ಹೊರಡುವ ಹೊತ್ತಿಗೆ ಸರಿಯಾಗಿ ರೇವಣಪ್ಪನವರು ಇಂಡಿಯನ್ ಸ್ಟೋರಿನಿಂದ ಬಂದರು. ಕೈಯಲ್ಲಿ ಸಾಸಿವೆಯ ಬದಲು ಕಪ್ಪು ಎಳ್ಳಿನ ಪಾಕೀಟಿತ್ತು. ಆ ವಾರದಲ್ಲಿ ಅದು ಎರಡನೆಯ ಸಲ.

“ಏನಂದ್ಲು ಆಕಿ?” ಎಂದು ಕೇಳಿದರು.

ಥೆರಪಿಸ್ಟ್ ಹೇಳಿದ್ದು ಕಾಲು ಚೆನ್ನಾಗಿ ಮಡಚುತ್ತಿದೆ, ಎರಡು ತಿಂಗಳಲ್ಲಿ ಎಲ್ಲ ಕೆಲಸವನ್ನೂ ಮಾಡಬಹುದು ಎಂದು. ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ ಪ್ರಭಾವತಿ, “ಇನ್ನ ಮ್ಯಾಲ ಮನಿ ಮಂದಿ ಬಿಟ್ಟು ಹೆಚ್ಚಿನವ್ರಿಗೆ ರೊಟ್ಟಿ ತಟ್ಟಬಾರದಂತ,” ಎಂದಳು.

“ಆಕಿಗೆ ರೊಟ್ಟಿ ಅಂದ್ರೇನಂತ ಗೊತ್ತೇನ?”

“ತಿಳಿಸಿ ಹೇಳ್ದೆ.”

ರೇವಣಪ್ಪನವರು ಮಗಳ ಕಡೆ ನೋಡಿದರು. ಅಕ್ಷರಾ ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, “ಶಿ ವಾಸ್ ವೆರಿ ಕ್ಲಿಯರ್, ಅಪ್ಪಾ,” ಎಂದಳು.

ಅವರು ಎಳ್ಳಿನ ಪಾಕೀಟನ್ನು ಮೇಜಿನ ಮೇಲಿಟ್ಟರು.

“ಡೆಟ್ರಾಯಿಟ್ ಕೂಟದವರು ಫೋನ್ ಮಾಡಿದ್ರು. ಪುಸ್ತಕದ ಮ್ಯಾಲ ಅಲ್ಲೂ ಒಂದು ಕಾರ್ಯಕ್ರಮ ಇಟ್ಕೊಳ್ಳೋಣು ಅಂದ್ರು. ಹಂಗಾರ ಊಟಕ್ಕ ಏನು?”

“ಓದುಗರು ಬರ್ತಾರಲ್ರೀ,” ಎಂದಳು ಪ್ರಭಾವತಿ. “ಓದ್ಲಿ.”